ಹಡಗಿನ ಗಾತ್ರವೂ ಬೇಲೂರಿನ ದಾರಿಯೂ

ಹಾಸನ ಜಿಲ್ಲೆಗೆ ಕಡಲಿಲ್ಲ. ಹೊಳೆನರಸೀಪುರದ ಹೇಮಾವತಿಯಲ್ಲಾಗಲಿ, ಅರಕಲಗೂಡು ಸೀಮೆಯ ರಾಮನಾಥಪುರದ ಕಾವೇರಿಯಲ್ಲಾಗಲಿ ಹಿಂದಿನವರು ಕಂಡ ನೌಕೆಯೆಂದರೆ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಹರಿಗೋಲು. ಚನ್ನರಾಯಪಟ್ಟಣದವರ ಪಾಲಿಗೆ ಹೊಳೆಯೂ ಇಲ್ಲ, ಇರುವುದು ಕೆರೆ. ಹೀಗಿರುವಾಗ, ದೂರದ ಸಮುದ್ರದಲ್ಲಿ ತೇಲುವ ವಿಹಾರದ ಹಡಗು ಎಷ್ಟು ಉದ್ದವಿದ್ದರೇನು, ಎಷ್ಟು ಎತ್ತರವಿದ್ದರೇನು, ಈ ಸೀಮೆಯವರಿಗೆ ಅದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಆಗಬೇಕಾದುದು ಇದೆ. ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಸಮುದ್ರಮಾರ್ಗವಾಗಿ ಕರ್ನಾಟಕಕ್ಕೆ ಬಂದ ಪ್ರವಾಸಿಯೊಬ್ಬನು ಬೇಲೂರನ್ನು ಕಾಣುವನೋ ಕಾಣದೆ ಹಿಂದಿರುಗುವನೋ ಎಂಬುದು ಬಹುಮಟ್ಟಿಗೆ ಅವನು ಏರಿ ಬಂದ ಹಡಗಿನ ಗಾತ್ರವನ್ನೇ ಅವಲಂಬಿಸಿದೆ.

ಊರಿನ ತೇರನ್ನು ನೆನೆದುಕೊಂಡರೆ ವಿಷಯ ಅರ್ಧ ತಿಳಿದಂತೆ. ಷಷ್ಠಿಯ ದಿನ ರಾಮನಾಥಪುರದಲ್ಲಿ ಎಳೆಯುವ ತೇರಾಗಲಿ, ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ತೇರಾಗಲಿ, ಅದರ ಅಗಲವನ್ನು ಗೊತ್ತುಮಾಡುವುದು ರಥಬೀದಿ. ಬಡಗಿಗೆ ಎಷ್ಟೇ ಉತ್ಸಾಹವಿರಲಿ, ಮೂಲೆಯಲ್ಲಿ ತಿರುಗಲಾರದ ತೇರನ್ನು ಕಟ್ಟಿ ಅವನು ಮಾಡುವುದೇನು? ಹಡಗಿಗೆ ಬಂದರೇ ರಥಬೀದಿ. ಆದರೆ ತೇರಿಗೂ ಹಡಗಿಗೂ ಒಂದು ಭೇದವಿದೆ. ತೇರು ತನ್ನ ಬೀದಿಯನ್ನು ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ವಿಹಾರದ ಹಡಗಾದರೋ ಇಪ್ಪತ್ತು ಊರುಗಳ ಬೀದಿಗಳಲ್ಲಿ ಸಾಗಬೇಕು. ಹಡಗು ಬೆಳೆದಷ್ಟೂ ಅದಕ್ಕೆ ತೆರೆದಿರುವ ಬೀದಿಗಳು ಕಡಿಮೆಯಾಗುತ್ತ ಹೋಗುತ್ತವೆ.

ಹಡಗಿನ ದೊಡ್ಡತನವನ್ನು ಹೇಳುವಾಗ ಪತ್ರಿಕೆಗಳು ಸಾಮಾನ್ಯವಾಗಿ ಇಷ್ಟು ಸಾವಿರ ಟನ್ ಎನ್ನುತ್ತವೆ. ಇದನ್ನು ತೂಕವೆಂದು ತಿಳಿಯುವವರೇ ಹೆಚ್ಚು. ಪ್ರಯಾಣಿಕರ ಹಡಗಿನ ವಿಷಯದಲ್ಲಿ ಇದು ತೂಕವಲ್ಲ. ಗೋಡೆ ಚಾವಣಿಗಳ ನಡುವೆ ಮುಚ್ಚಿರುವ ಒಳಜಾಗವೆಷ್ಟು ಎಂಬುದರ ಅಳತೆ ಅದು. ಟನ್ ಎಂಬ ಮಾತೇ ಹಿಂದೆ ದ್ರಾಕ್ಷಾರಸದ ಪೀಪಾಯಿಗಿದ್ದ ಹೆಸರಿನಿಂದ ಬಂದುದು. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಸುವುದೆಂದು ಲೆಕ್ಕ ಹಾಕುತ್ತಿದ್ದರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ಹಡಗುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ನಿಲ್ಲಿಸಿ ನೋಡಬಹುದು. 1912ರಲ್ಲಿ ಜಗತ್ತಿನಲ್ಲೇ ದೊಡ್ಡದೆನಿಸಿ ಮೊದಲ ಯಾನದಲ್ಲೇ ಮುಳುಗಿದ ಟೈಟಾನಿಕ್ 46,328 ಟನ್ನಿನದು, 269 ಮೀಟರ್ ಉದ್ದ. 2022ರ ನವೆಂಬರಿನಲ್ಲಿ, ಕೊರೋನಾ ಹಾವಳಿಯಿಂದ ನಿಂತುಹೋಗಿದ್ದ ಯಾನಗಳು ಮರಳಿ ಆರಂಭವಾದಾಗ, ನವಮಂಗಳೂರು ಬಂದರಿಗೆ ಬಂದ ಯೂರೋಪಾ-2 ಎಂಬ ಹಡಗು 42,830 ಟನ್ನಿನದು, ಸುಮಾರು 225 ಮೀಟರ್ ಉದ್ದ. ಇದನ್ನು ಇಂದು ಸಣ್ಣ ಹಡಗೆಂದು ಕರೆಯುತ್ತಾರೆ! 2024ರಲ್ಲಿ ಯಾನ ತೊಡಗಿದ ಐಕಾನ್ ಆಫ್ ದಿ ಸೀಸ್ ಎಂಬುದರದು ಸುಮಾರು 2,48,600 ಟನ್, 365 ಮೀಟರ್. ಅದರಲ್ಲಿ 7,600 ಪ್ರಯಾಣಿಕರಿಗೆ ಸ್ಥಳವಿದೆ. ಸಿಬ್ಬಂದಿಯನ್ನೂ ಸೇರಿಸಿದರೆ ಒಂದು ಹೋಬಳಿ ಕೇಂದ್ರದ ಜನವೆಲ್ಲ ಒಂದೇ ಸೂರಿನಡಿ ತೇಲಿದಂತೆ.

ಇಲ್ಲಿ ಒಂದು ವಿಚಿತ್ರವಿದೆ. ಟೈಟಾನಿಕ್ಕಿನ ತಳ ನೀರಿನಲ್ಲಿ ಹತ್ತೂವರೆ ಮೀಟರ್ ಆಳಕ್ಕೆ ಇಳಿದಿತ್ತು. ಅದರ ಐದರಷ್ಟು ದೊಡ್ಡದಾದ ಐಕಾನ್ ಇಳಿಯುವುದು ಒಂಬತ್ತೂಕಾಲು ಮೀಟರ್ ಮಾತ್ರ. ಕಾರಣ ಸ್ಪಷ್ಟ. ಕಬ್ಬಿಣದ ಅದಿರನ್ನು ತುಂಬಿದ ಹಡಗು ಕೆಳಗೆ ಕುಸಿಯುತ್ತದೆ; ಮಲಗುವ ಕೋಣೆ, ಊಟದ ಮನೆ, ನಾಟಕಶಾಲೆ, ಈಜುಕೊಳಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಹೊತ್ತ ಹಡಗಿನಲ್ಲಿ ತುಂಬಿರುವುದು ಬಹುಪಾಲು ಗಾಳಿ. ಆಳವನ್ನು ಹೆಚ್ಚಿಸಿದರೆ ಅನೇಕ ರೇವುಗಳ ಬಾಗಿಲು ಮುಚ್ಚುವುದೆಂಬುದನ್ನು ಹಡಗು ಕಟ್ಟುವವರು ಚೆನ್ನಾಗಿ ಬಲ್ಲರು. ಆದಕಾರಣ ಅವರು ಹಡಗನ್ನು ಮೇಲಕ್ಕೂ ಅಗಲಕ್ಕೂ ಉದ್ದಕ್ಕೂ ಬೆಳೆಸಿದರು. ತೊಂದರೆಯೂ ಆ ದಿಕ್ಕುಗಳಿಂದಲೇ ಬಂದಿತು.

ಬಂದರು ಚಿಕ್ಕದಾದರೆ ದೊಡ್ಡ ಹಡಗು ಮಾಡುವುದೇನು? ಹೊರಗೆ ನಿಲ್ಲುತ್ತದೆ. ಟೈಟಾನಿಕ್ ಮಾಡಿದ್ದೂ ಅದನ್ನೇ. 1912ರ ಏಪ್ರಿಲ್ 10ರ ಸಂಜೆ ಫ್ರಾನ್ಸಿನ ಶೆರ್‌ಬುರ್ಗ್‌ಗೆ ಬಂದಾಗ ಅಲ್ಲಿ ಅದಕ್ಕೆ ತಕ್ಕ ದಕ್ಕೆಯೇ ಇರಲಿಲ್ಲ. ಲಂಗರು ಹಾಕಿ ನಿಂತ ಮಹಾನೌಕೆಯ ಬಳಿಗೆ ನೊಮಾಡಿಕ್, ಟ್ರಾಫಿಕ್ ಎಂಬ ಎರಡು ಚಿಕ್ಕ ಹಡಗುಗಳು ಪ್ರಯಾಣಿಕರನ್ನೂ ಟಪಾಲನ್ನೂ ಸಾಗಿಸಿದವು. ಮರುದಿನ ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿಯೂ ಇದೇ ಕಥೆ. ಮಹಾನೌಕೆ ಸಮುದ್ರದ ತಳ ಸೇರಿತು. ಅದಕ್ಕೆ ಜನರನ್ನು ಹೊತ್ತುಕೊಟ್ಟ ನೊಮಾಡಿಕ್ ಇಂದಿಗೂ ಬೆಲ್‌ಫಾಸ್ಟಿನಲ್ಲಿ ಉಳಿದಿದೆ.

ಮಂಗಳೂರಿನ ಹಿರಿಯರಿಗೆ ಈ ಬಗೆಯ ಇಳಿದಾಟ ಹೊಸತೇನಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಬೀಳುವ ಅಳಿವೆಯಲ್ಲಿ ಮರಳಿನ ದಿಬ್ಬ. ಹಳೆಯ ಬಂದರಿನ ದಕ್ಕೆಯವರೆಗೆ ಮಂಜಿಗಳೂ ಮೀನುದೋಣಿಗಳೂ ಬರಬಲ್ಲವು, ಆಗಬೋಟುಗಳು ಬರಲಾರವು. ಅವು ಹೊರಗಡಲಿನಲ್ಲಿ ಲಂಗರು ಹಾಕುತ್ತಿದ್ದವು. ಜನವಾಗಲಿ ಸರಕಾಗಲಿ ದೋಣಿಯಲ್ಲಿ ಅಳಿವೆ ದಾಟಿ, ಅಲೆಗಳ ಮೇಲೆ ಏರಿಳಿಯುತ್ತ ಹಡಗು ಸೇರಬೇಕಾಗಿತ್ತು. ಮಳೆಗಾಲದ ತಿಂಗಳುಗಳಲ್ಲಿ ಅದೂ ಇಲ್ಲ. ಮಂಜರಾಬಾದಿನ ತೋಟಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರಿನಲ್ಲಿ ಹಸನಾಗಿ ವಿಲಾಯಿತಿಗೆ ಹೊರಟದ್ದು ಈ ದೋಣಿಗಳ ಮೂಲಕವೇ.

ಆ ಮರಳಿನ ದಿಬ್ಬದಲ್ಲಿ ಹಾಸನ ಜಿಲ್ಲೆಯ ಪಾಲೂ ಉಂಟು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಹೇಮಾವತಿಯೇನೋ ಪೂರ್ವಕ್ಕೆ ಹರಿದು ಕಾವೇರಿಯ ಮಗಳಾದಳು. ಆದರೆ ಸಕಲೇಶಪುರ ತಾಲ್ಲೂಕಿನ ಪಡುವಣ ಅಂಚಿನಲ್ಲಿ ಹುಟ್ಟುವ ಕೆಂಪುಹೊಳೆ ಶಿರಾಡಿಯ ಕಾಡನ್ನು ಸೀಳಿಕೊಂಡು ಕೆಳಗಿಳಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಒಂದಾಗುತ್ತದೆ. ಘಟ್ಟದ ಮೇಲಣ ಮಣ್ಣು ಮರಳುಗಳು ಆ ನೀರಿನೊಡನೆ ಅಳಿವೆಯವರೆಗೂ ಸಾಗಿ ಬರುತ್ತವೆ. ಹಡಗನ್ನು ಹೊರಗೆ ನಿಲ್ಲಿಸಿದ ಹೂಳಿನಲ್ಲಿ ಒಂದು ಹಿಡಿ ಈ ಜಿಲ್ಲೆಯದು.

ಕೊಚ್ಚಿಯಲ್ಲಿ ಇಂಥದೇ ದಿಬ್ಬವಿತ್ತು. ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಅದನ್ನು ಕಡಿಸಿ, 1928ರಲ್ಲಿ ಹಡಗುಗಳಿಗೆ ಒಳಬಂದರಿನ ದಾರಿ ತೆರೆಸಿದನು. ಮಂಗಳೂರಿನವರು ಬೇರೆ ದಾರಿ ಹಿಡಿಯಬೇಕಾಯಿತು. ಅಳಿವೆಯ ತಂಟೆಯೇ ಬೇಡವೆಂದು ಉತ್ತರಕ್ಕೆ ಸರಿದು, ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಕ್ಕೆ ಕರೆದರು. ಲೋಕಸಭೆಯ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನ ಇದರ ಹಿಂದೆ ದೊಡ್ಡದು. ಫಲವನ್ನು ಕಾಣುವ ಮೊದಲೇ, 1965ರಲ್ಲಿ, ಅವರು ತೀರಿಕೊಂಡರು. 1962ರಲ್ಲಿ ಆರಂಭವಾದ ಕೆಲಸ ಒಂದು ಹಂತಕ್ಕೆ ಬಂದು, 1974ರ ಮೇ 4ರಂದು ಅದು ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟನೆ ನೆರವೇರಿಸಿದರು. ಅಂದು ಅಗೆದದ್ದು ಅದಿರಿಗಾಗಿ, ಗೊಬ್ಬರಕ್ಕಾಗಿ, ಎಣ್ಣೆಗಾಗಿ. ವಿಹಾರಕ್ಕೆ ಬರುವವರಿಗಾಗಿ ಅಲ್ಲ.

ಇಂದು ಅಲ್ಲಿಗೆ 14 ಮೀಟರಿನಷ್ಟು ಆಳಕ್ಕೆ ಇಳಿದ ಎಣ್ಣೆಹಡಗುಗಳು ಬರುತ್ತವೆ. ಆರೂವರೆ ಮೀಟರೂ ಇಳಿಯದ ಯೂರೋಪಾ-2ಕ್ಕೆ ಅಂತಹ ಬಂದರಿನಲ್ಲಿ ನೀರಿನ ಬಡತನವೆಲ್ಲಿಯದು? ಹಾಗಾದರೆ ಜಗತ್ತಿನ ಅತಿ ದೊಡ್ಡ ಹಡಗೂ ಪಣಂಬೂರಿಗೆ ಬರಬಹುದಲ್ಲ ಎಂದು ತೋರಬಹುದು. ಆಳ ಒಂದನ್ನೇ ನೋಡಿ ಹೀಗೆ ತೀರ್ಮಾನಿಸುವುದು ಸರಿಯಲ್ಲ. ಅಗೆದು ಮಾಡಿದ ಬಂದರಿಗೆ ಒಂದೇ ಕಾಲುವೆಯ ದಾರಿ. ಅದರಲ್ಲಿ ಬಂದ ಹಡಗು ಒಳಗಿನ ಕೊಳದಲ್ಲಿ ಮೈ ತಿರುಗಿಸಬೇಕು. ಉದ್ದ ಹೆಚ್ಚಿದಷ್ಟೂ ತಿರುಗಲು ಹೆಚ್ಚು ಬಯಲು ಬೇಕು. ಅದಿರು ತುಂಬಿದ ಹಡಗಿನ ಮೈ ನೀರಿನೊಳಗಿದ್ದರೆ ವಿಹಾರದ ಹಡಗಿನದು ನೀರಿನ ಮೇಲಿದೆ. ಹದಿನೈದು ಇಪ್ಪತ್ತು ಅಂತಸ್ತಿನ ಆ ಪಕ್ಕಗೋಡೆ ಗಾಳಿಗೆ ಹಾಯಿಯಂತೆ ಸಿಕ್ಕಿಕೊಳ್ಳುತ್ತದೆ. ಪಡುಗಾಳಿ ಬಲವಾಗಿದ್ದ ದಿನ ಕಿರಿದಾದ ಕಾಲುವೆಯಲ್ಲಿ ಇಂತಹ ಗೋಡೆಯನ್ನು ನೇರವಾಗಿ ನಡೆಸುವುದು ಹುಡುಗಾಟವಲ್ಲ. ಇನ್ನು ದಕ್ಕೆ. ಮುನ್ನೂರು ಮೀಟರಿನ ಹಡಗೊಂದು ಬಂದು ನಿಂತಿತೆಂದರೆ ಎರಡು ಸರಕಿನ ಹಡಗುಗಳ ಜಾಗವನ್ನು ನುಂಗಿತೆಂದೇ ಅರ್ಥ. ಆ ಹೊತ್ತಿನಲ್ಲಿ ಹೊರಗೆ ಕಾದು ನಿಲ್ಲುವ ಪೆಟ್ಟಿಗೆಗಳಲ್ಲಿ ಹಾಸನದ ಕಾಫಿಯೂ ಇರಬಹುದು.

ಎತ್ತರದ ಪೇಚಾಟಕ್ಕೆ 2009ರ ಒಂದು ಪ್ರಸಂಗ ಸಾಕು. ಫಿನ್‌ಲೆಂಡಿನ ತುರ್ಕುವಿನಲ್ಲಿ ಕಟ್ಟಿದ ಓಯಸಿಸ್ ಆಫ್ ದಿ ಸೀಸ್ ಎಂಬ ಹಡಗು ಹೊರಸಮುದ್ರಕ್ಕೆ ಬರಬೇಕಾದರೆ ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಕೆಳಗೆ ನುಸುಳಬೇಕಾಗಿತ್ತು. ಸೇತುವೆಯ ಕೆಳಗಿನ ತೆರಪು 65 ಮೀಟರ್. ಹಡಗಿನ ಎತ್ತರ 72. ಇದನ್ನು ಮೊದಲೇ ಬಲ್ಲವರು ಹೊಗೆಕೊಳವೆಗಳನ್ನು ಒಳಕ್ಕೆ ಜಾರಿಸುವಂತೆ ಮಾಡಿದ್ದರು. ಅಷ್ಟೇ ಸಾಲದೆಂದು ಹಡಗನ್ನು ವೇಗವಾಗಿ ಓಡಿಸಿದರು. ಆಳ ಕಡಿಮೆಯಿರುವಲ್ಲಿ ವೇಗವಾಗಿ ಸಾಗುವ ಹಡಗು ತುಸು ಕುಸಿದು ಕೂರುತ್ತದೆ. ಆ ಕುಸಿತವನ್ನೇ ನಂಬಿ ಎರಡಡಿಯಷ್ಟು ಅಂತರದಲ್ಲಿ ಪಾರಾದರು! ಎತ್ತಿನ ಗಾಡಿಯ ಮೇಲೆ ಹುಲ್ಲು ಹೇರಿಕೊಂಡು ಊರಬಾಗಿಲನ್ನು ದಾಟುವ ರೈತನಿಗೆ ಈ ಲೆಕ್ಕಾಚಾರ ಹೊಸದಾಗಿ ಕಾಣದು. ಅಗಲದ ಕಥೆ ಪನಾಮಾ ಕಾಲುವೆಯದು. 1914ರಲ್ಲಿ ತೆರೆದ ಅದರ ಕಟ್ಟೆಬಾಗಿಲುಗಳಲ್ಲಿ 32 ಮೀಟರಿಗಿಂತ ಅಗಲವಾದ ಹಡಗು ನುಸುಳುವುದು ದುಸ್ತರ. 2016ರಲ್ಲಿ ದೊಡ್ಡ ಬಾಗಿಲುಗಳು ಬರುವವರೆಗೂ ಎಷ್ಟೋ ಹಡಗುಗಳು ಆ ಅಳತೆಗೇ ಹುಟ್ಟಿಬಂದವು.

ನೀರು, ಸೇತುವೆ, ಬಾಗಿಲುಗಳೆಲ್ಲ ಒಪ್ಪಿದರೂ ಊರು ಒಪ್ಪಬೇಕು. ಇದು ಇತ್ತೀಚಿನ ಬೆಳವಣಿಗೆ. 2021ರ ಆಗಸ್ಟ್ 1ರಿಂದ ವೆನಿಸ್ ನಗರದ ಗಿಯುಡೆಕಾ ಕಾಲುವೆಗೆ 25,000 ಟನ್ನಿಗೆ ಮೀರಿದ ಹಡಗುಗಳು ಬರಕೂಡದೆಂದು ಇಟಲಿಯ ಸರ್ಕಾರ ಕಟ್ಟಳೆ ಮಾಡಿತು. ಪಣಂಬೂರಿನಲ್ಲಿ ಸಣ್ಣದೆನಿಸಿಕೊಂಡ ಯೂರೋಪಾ-2 ಕೂಡ ಅಲ್ಲಿ ಹೊರಗೇ. ಅಮೆರಿಕದ ಬಾರ್ ಹಾರ್ಬರ್ ಎಂಬ ಪುಟ್ಟ ಊರಿನವರು 2022ರಲ್ಲಿ ಮತ ಹಾಕಿ, ದಿನಕ್ಕೆ ಸಾವಿರ ಜನ ಪ್ರವಾಸಿಗಳು ಹಡಗಿನಿಂದ ಇಳಿದರೆ ಸಾಕು ಎಂದರು. ಅಂಟಾರ್ಕ್ಟಿಕದಲ್ಲಂತೂ ಐನೂರಕ್ಕೆ ಮೀರಿದ ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ, ಒಮ್ಮೆಗೆ ನೂರು ಜನಕ್ಕಿಂತ ಹೆಚ್ಚು ಮಂದಿ ನೆಲ ಮೆಟ್ಟುವಂತಿಲ್ಲ. ಪೆಂಗ್ವಿನ್ ಹಕ್ಕಿಗಳಿಗೆ ದೊರೆತ ಈ ರಕ್ಷಣೆ ನಮ್ಮ ಎಷ್ಟೋ ಜಾತ್ರೆಗಳ ಮುದುಕಿಯರಿಗೆ ದೊರೆತಿಲ್ಲವೆಂಬುದು ಬೇರೆ ಮಾತು.

ಇನ್ನು ಹಾಸನದ ದಾರಿ. ವಿಹಾರದ ಹಡಗಿನ ಕ್ರಮವೇನೆಂದರೆ, ರಾತ್ರಿ ಸಂಚಾರ, ಹಗಲು ಊರು. ಮಲಗಿದವನು ಎದ್ದಾಗ ಹೊಸ ಬಂದರು ಕಿಟಕಿಯಲ್ಲಿರಬೇಕು. ಈ ದೃಷ್ಟಿಯಿಂದ ಪಣಂಬೂರಿನ ಸ್ಥಾನ ಬಹಳ ಒಳ್ಳೆಯದು. ಗೋವೆಯ ಮರ್ಮಗೋವಾದಿಂದ ಅದಕ್ಕೆ 170 ಕಡಲ ಮೈಲಿ. ಅಲ್ಲಿಂದ ಕೊಚ್ಚಿಗೆ 191. ಗಂಟೆಗೆ 17 ಮೈಲಿಯಂತೆ ಸಾಗಿದರೆ ಎರಡೂ ಒಂದೊಂದು ರಾತ್ರಿಯ ಪಯಣ. ಆದರೆ ಇದರಿಂದಲೇ ಹಗಲಿನ ಗಂಟೆಗಳೂ ಎಣಿಕೆಗೆ ಸಿಕ್ಕಿಬಿಟ್ಟವು. ಬೆಳಗ್ಗೆ ಏಳಕ್ಕೆ ದಕ್ಕೆಗೆ ಕಟ್ಟಿದ ಹಡಗು ಸಂಜೆ ಐದಕ್ಕೆ ಬಿಡಬೇಕೆನ್ನಿ. ಕಾಗದಪತ್ರಗಳ ತಪಾಸಣೆಗೆ ಒಂದು ಗಂಟೆ, ಹೊರಡುವ ಮೊದಲು ಎಲ್ಲರೂ ಬಂದರೇ ಎಂದು ಎಣಿಸಲು ಒಂದು ಗಂಟೆ. ಉಳಿದದ್ದು ಎಂಟು. ಹಡಗು ದೊಡ್ಡದಾದಷ್ಟೂ ಈ ಎಂಟೂ ಕರಗುತ್ತದೆ. ಮುನ್ನೂರು ಜನ ಇಳಿಯುವುದಕ್ಕೂ ಮೂರು ಸಾವಿರ ಜನ ಇಳಿಯುವುದಕ್ಕೂ ಒಂದೇ ಹೊತ್ತು ಸಾಲದು. ನಲವತ್ತು ಜನಕ್ಕೊಂದು ಬಸ್ಸಿನಂತೆ ಮೂರು ಸಾವಿರ ಜನಕ್ಕೆ ಎಪ್ಪತ್ತೈದು ಬಸ್ಸುಗಳು ಬೇಕು.

ಎಂಟು ಗಂಟೆಯಲ್ಲಿ ಹೋಗಿ ಬರಬಹುದಾದ ಸ್ಥಳಗಳಾವುವು? ಕುದ್ರೋಳಿ, ಕದ್ರಿ, ಸಂತ ಅಲೋಶಿಯಸ್ ಕಾಲೇಜಿನ ಚಿತ್ರಗಳ ಇಗರ್ಜಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ. ಒಳ್ಳೆಯ ಸ್ಥಳಗಳೇ, ಸಂದೇಹವಿಲ್ಲ. ಆದರೆ ಕಾರ್ಕಳದ ಗೊಮ್ಮಟ 1432ರಲ್ಲಿ ನಿಂತವನು, 42 ಅಡಿ. ಅವನ ಅಣ್ಣ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಅದಕ್ಕೆ ನಾಲ್ಕೂವರೆ ಶತಮಾನ ಮೊದಲೇ 58 ಅಡಿ ಎತ್ತರದಲ್ಲಿ ನಿಂತಿದ್ದಾನೆ. ಹಡಗಿನಲ್ಲಿ ಬಂದವರು ತಮ್ಮನನ್ನು ನೋಡಿ ಅಣ್ಣನನ್ನು ಕಾಣದೆ ಹೋಗುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯನ್ನು ಓದಿಕೊಂಡೇ ಹಡಗು ಹತ್ತಿದವನಿಗೆ ಪಣಂಬೂರಿನಲ್ಲಿ ಇಳಿದ ಮೇಲೆ ದೊರೆಯುವ ಉತ್ತರ, ಅದು ಈ ಹಗಲಿನಲ್ಲಿ ಆಗದು ಎಂದು.

ಆಗದೆಂಬುದು ಸುಳ್ಳಲ್ಲ. ಮಂಗಳೂರಿನಿಂದ ಹಾಸನಕ್ಕೆ ಶಿರಾಡಿಯ ಮೇಲೆ ಸುಮಾರು 170 ಕಿಲೋಮೀಟರ್. ಘಟ್ಟವೂ ಲಾರಿಗಳ ಸಾಲೂ ಸೇರಿ ಹೋಗಿಬರುವುದಕ್ಕೇ ಎಂಟು ಒಂಬತ್ತು ಗಂಟೆ ಹಿಡಿಯುತ್ತದೆ. ಬೇಲೂರಿಗೆ ಚಾರ್ಮಾಡಿಯ ದಾರಿ ಹತ್ತಿರವಾದರೂ ಅಲ್ಲಿಯ ಹಿಮ್ಮುರಿ ತಿರುವುಗಳಲ್ಲಿ ಉದ್ದದ ಬಸ್ಸಿನ ಪಾಡು ದೊಡ್ಡ ಹಡಗಿನ ಪಾಡೇ. ರೈಲೂ ನೆರವಿಗೆ ಬಾರದು. 1979ರಲ್ಲಿ ಸಣ್ಣ ಹಳಿಯ ಮೇಲೆ ಹಾಸನ–ಮಂಗಳೂರು ಗಾಡಿ ಓಡಿತು. 1996ರಲ್ಲಿ ಹಳಿ ಅಗಲಿಸುವುದಕ್ಕಾಗಿ ನಿಂತಿತು. ಪ್ರಯಾಣಿಕರು ಮತ್ತೆ ಕುಳಿತದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ನೋಟಕ್ಕೆ ಅದಕ್ಕಿಂತ ಸೊಗಸಾದ ರೈಲುದಾರಿ ದಕ್ಷಿಣದಲ್ಲಿ ವಿರಳ. ಆದರೆ ಅಲ್ಲಿ ಗಾಡಿ ಗಂಟೆಗೆ ಮೂವತ್ತು ಕಿಲೋಮೀಟರಿನಂತೆ ತೆವಳುತ್ತದೆ.

ಹಾಗಾದರೆ ಪಣಂಬೂರಿಗೆ ಇನ್ನೂ ದೊಡ್ಡ ಹಡಗುಗಳು ಬರಲೆಂದು ಹಾರೈಸುವುದರಿಂದ ಹಾಸನಕ್ಕೆ ಏನು ಪ್ರಯೋಜನ? ಏನೂ ಇಲ್ಲ. ದೊಡ್ಡ ಹಡಗಿಗೆ ಗಂಟೆಗಳೇ ದುಡ್ಡು. ಅದು ಪ್ರಯಾಣಿಕರನ್ನು ಘಟ್ಟ ಹತ್ತಿಸಲಾರದು. ಈ ಜಿಲ್ಲೆಯ ಕಡೆಯಿಂದ ನೋಡಿದರೆ ಬೇಕಾದದ್ದು ಸಣ್ಣ ಹಡಗು. ನೆಲದ ಮೇಲಿನ ಅಡ್ಡಯಾನ ಎಂಬ ಪದ್ಧತಿಯೊಂದು ಹಡಗಿನವರಲ್ಲಿ ಬಹಳ ಕಾಲದಿಂದ ಇದೆ: ಒಂದು ಬಂದರಿನಲ್ಲಿ ಇಳಿದವರು ಒಳನಾಡನ್ನು ಸುತ್ತಿ ಮುಂದಿನ ಬಂದರಿನಲ್ಲಿ ಹಡಗನ್ನು ಕೂಡಿಕೊಳ್ಳುವುದು. ಮುಂಬಯಿಯಲ್ಲಿ ಇಳಿದು ತಾಜಮಹಲು ನೋಡಿ ದಕ್ಷಿಣದ ಬಂದರಿನಲ್ಲಿ ಹಡಗು ಹತ್ತುವವರು ಇದನ್ನೇ ಮಾಡುತ್ತಾರೆ. ಪಣಂಬೂರಿನಲ್ಲಿ ಇಳಿದವರೂ ಮಾಡಬಹುದು. ಬೆಳಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನದ ಊಟ ಸಕಲೇಶಪುರದಲ್ಲಿ, ಇಳಿಹೊತ್ತಿನ ಬಿಸಿಲಿನಲ್ಲಿ ಬೇಲೂರಿನ ಮದನಿಕೆಯರು, ರಾತ್ರಿ ಹಾಸನದಲ್ಲಿ ವಾಸ. ಮರುದಿನ ನಸುಕಿನಲ್ಲಿ ಬೆಟ್ಟ ಹತ್ತಿ ಗೊಮ್ಮಟನನ್ನು ಕಂಡು, ಬೆಂಗಳೂರಿನಿಂದ ವಿಮಾನದಲ್ಲಿ ಕೊಚ್ಚಿ. ಹಡಗು ಅಲ್ಲಿ ಅಂದಿನ ರಾತ್ರಿಯವರೆಗೆ ನಿಂತಿದ್ದರೆ ಎಲ್ಲವೂ ಸರಿಹೋಗುತ್ತದೆ.

ಇದು ಗಾತ್ರದ ಲೆಕ್ಕಕ್ಕೆ ಹೇಗೆ ಕೂಡುವುದೆಂಬುದನ್ನು ನೋಡಿ. ಐನೂರು ಜನರ ಹಡಗಿನಲ್ಲಿ ನೂರಕ್ಕೆ ನಾಲ್ವರು ಇಂತಹ ಯಾನಕ್ಕೆ ಒಪ್ಪಿದರೆ ಇಪ್ಪತ್ತು ಮಂದಿ. ಒಂದು ಸಣ್ಣ ಬಸ್ಸು ಸಾಕು, ಚಾರ್ಮಾಡಿಯಲ್ಲೂ ಅದು ತಿರುಗೀತು, ಹಾಸನದ ಒಂದು ಹೋಟೆಲಿನಲ್ಲಿ ಅವರಿಗೆ ಕೋಣೆಗಳು ಸಿಕ್ಕಾವು, ವಿಮಾನದಲ್ಲೂ ಆಸನಗಳು ಸಿಕ್ಕಾವು. ಐದು ಸಾವಿರ ಜನರ ಹಡಗಿನಲ್ಲಿ ಅದೇ ನಾಲ್ವರ ಲೆಕ್ಕ ಇನ್ನೂರಾಗುತ್ತದೆ. ಐದು ದೊಡ್ಡ ಬಸ್ಸುಗಳು, ಅವರಿಗೆಂದೇ ಒಂದು ವಿಮಾನ. ಅದನ್ನು ಹೊಂದಿಸುವ ಗೋಜಿಗೆ ಹಡಗಿನವರು ಹೋಗುವುದಿಲ್ಲ.

ಇಪ್ಪತ್ತು ಜನರ ತಂಡಕ್ಕೆ ಇನ್ನೊಂದು ಅನುಕೂಲವುಂಟು. ಅದು ಬೇಲೂರು ಹಳೇಬೀಡುಗಳಿಗೇ ನಿಲ್ಲಬೇಕಾಗಿಲ್ಲ. ಇನ್ನೊಂದು ದಿನದ ಬಿಡುವಿದ್ದರೆ ಹೊಳೆನರಸೀಪುರದ ರಸ್ತೆಯಲ್ಲಿರುವ ಮೊಸಳೆಯ ಜೋಡಿ ಗುಡಿಗಳು, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ, ಅರಕಲಗೂಡಿನಿಂದಾಚೆಗೆ ರಾಮನಾಥಪುರದ ಸೋಪಾನದಲ್ಲಿ ಮೀನುಗಳಿಗೆ ಪುರಿ ಎಸೆಯುವ ಸುಖ, ಇವೆಲ್ಲ ಕೈಗೆಟುಕುತ್ತವೆ. ದೊಡ್ಡಗದ್ದವಳ್ಳಿಯಲ್ಲಿ 1113ರ ಸುಮಾರಿಗೆ ಒಬ್ಬ ವರ್ತಕನೂ ಅವನ ಹೆಂಡತಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಗೆ ಹೋಗುವ ಹಳ್ಳಿಯ ದಾರಿ ಒಂದು ಬಸ್ಸನ್ನು ಒಪ್ಪುತ್ತದೆ, ಎಪ್ಪತ್ತೈದನ್ನು ಒಪ್ಪುವುದಿಲ್ಲ. ಒಳಗಿನ ನವರಂಗದ ಮಬ್ಬು ಬೆಳಕಿನಲ್ಲಿ ಇಪ್ಪತ್ತು ಜನ ನಿಂತರೆ ಇಪ್ಪತ್ತೊಂದನೆಯವನಿಗೆ ವಿಗ್ರಹ ಕಾಣುವುದು ಕಷ್ಟ.

ಸದ್ಯಕ್ಕೆ ನವೆಂಬರಿನಿಂದ ಬೇಸಗೆಯವರೆಗಿನ ಹಡಗಿನ ಕಾಲದಲ್ಲಿ ಪಣಂಬೂರಿನ ಬಾಗಿಲಿನಿಂದ ಹೊರಬೀಳುವ ಬಸ್ಸುಗಳು ಪೇಟೆಯ ಕಡೆಗೋ ಮೂಡಬಿದಿರೆಯ ಕಡೆಗೋ ತಿರುಗಿಕೊಳ್ಳುತ್ತವೆ. ನಾಲ್ಕು ಗಂಟೆಯ ಹೊತ್ತಿಗೆ ಅವು ಹಿಂದಿರುಗಿರಬೇಕು.